ಪಿಕಪ್ ಎಂಜಿನ್‌ಗೆ ಯಾವ ಗಾಳಿ ಹಿತ?

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು ಸುತ್ತಿನ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೂ ಎಳನೀರು ಮದ್ದೂರಿಗೂ ಹೋಗುವುದು ಹೆಚ್ಚಾಗಿ ಡೀಸೆಲ್ ಪಿಕಪ್‌ಗಳಲ್ಲಿ. ಕಂಪನಿಯ ಫಿಲ್ಟರ್ ಡಬ್ಬ ಕಿತ್ತು, ಹೊರಗೆ ಸಿಗುವ 'ಕೋಲ್ಡ್ ಏರ್ ಇಂಟೇಕ್' ಹಾಕಿಸಿದರೆ ಗಾಡಿಯ ಎಳೆತ ಹೆಚ್ಚುತ್ತದೆ ಎಂದು ಅದನ್ನು ಮಾರುವವರು ಹೇಳುತ್ತಾರೆ. ನಮ್ಮ ರಸ್ತೆಗಳಲ್ಲಿ ಇದು ದುಡ್ಡು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ತಣ್ಣನೆಯ ಗಾಳಿ ದಟ್ಟ, ಅದರಲ್ಲಿ ಆಮ್ಲಜನಕ ಹೆಚ್ಚು ಎಂಬುದೇನೋ ನಿಜ. ಉಷ್ಣತೆ 3 ಡಿಗ್ರಿ ಏರಿದರೆ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಆದರೆ ಕಂಪನಿಯ ಡಬ್ಬದ ಕೊಳವೆ ಸಾಮಾನ್ಯವಾಗಿ ಗ್ರಿಲ್ ಅಥವಾ ಮಡ್‌ಗಾರ್ಡ್ ಬಳಿಯಿಂದ ಹೊರಗಾಳಿಯನ್ನೇ ಎಳೆಯುತ್ತದೆ. ಹೊರಗಿನ ಇಂಟೇಕ್‌ಗಳ ಮುಚ್ಚಳವಿಲ್ಲದ ಕೋನ್ ಫಿಲ್ಟರ್ ಎಳೆಯುವುದು ಬಾನೆಟ್ಟಿನೊಳಗಿನ ಬಿಸಿಗಾಳಿ. ಹೊರಗೆ 35 ಡಿಗ್ರಿ ಇದ್ದು ಒಳಗೆ 65 ಇದ್ದರೆ ಸಾಂದ್ರತೆ ಶೇ 9ರಷ್ಟು ಕಡಿಮೆ. ಲೋಡ್ ಹೊತ್ತು ನಿಧಾನಕ್ಕೆ ಏರು ಹತ್ತುವಾಗ ಒಳಗಿನ ಕಾವು ಹೆಚ್ಚುತ್ತದೆ; ಎಳೆತ ಬೇಕಾಗುವುದೂ ಆಗಲೇ.

ಅಲ್ಲದೆ ಟರ್ಬೊ ಇರುವ ಎಂಜಿನ್ನಿನಲ್ಲಿ ಟರ್ಬೊ ಒತ್ತಿದ ಗಾಳಿ 100 ಡಿಗ್ರಿ ದಾಟಬಲ್ಲದು. ಅದನ್ನು ತಣಿಸುವುದು ಇಂಟರ್‌ಕೂಲರ್, ಇಂಟೇಕ್ ಅಲ್ಲ. ಡೀಸೆಲ್ ಎಂಜಿನ್, ಇಂಧನ ಉರಿಯಲು ಬೇಕಾದ್ದಕ್ಕಿಂತ ಹೆಚ್ಚೇ ಗಾಳಿ ಸೇವಿಸುತ್ತದೆ. ಶಕ್ತಿ ನಿರ್ಧಾರವಾಗುವುದು ಚಿಮ್ಮುವ ಡೀಸೆಲ್ಲಿನಿಂದ. ಕೋನ್ ಹಾಕಿದ ಮೇಲೆ ಕೇಳಿಸುವ ಹೊಸ ಸದ್ದು ಮಾತ್ರ ಗ್ಯಾರಂಟಿ.

ನನಗೆ ಹೆಚ್ಚು ಚಿಂತೆ ದೂಳಿನದು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 10,000 ಲೀಟರ್ ಗಾಳಿ ಬೇಕು; ಅದರೊಡನೆ ದೂಳೂ ಬರುತ್ತದೆ. ದೂಳಿನಲ್ಲಿರುವ ಮರಳಿನ ಕಣ ಸಿಲಿಂಡರಿನ ಲೋಹಕ್ಕಿಂತ ಗಟ್ಟಿ. ಒಳಹೊಕ್ಕರೆ ಸಿಲಿಂಡರಿನ ಗೋಡೆಯನ್ನು ಉಜ್ಜುತ್ತದೆ, ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ. ಇಂಥ ಇಂಟೇಕ್‌ಗಳಲ್ಲಿ ಬರುವ, ಎಣ್ಣೆ ಹಚ್ಚಿದ ಬಟ್ಟೆಯ ಫಿಲ್ಟರ್‌ಗಳಲ್ಲಿ ಹಲವು, ಕಾಗದದ ಫಿಲ್ಟರ್‌ಗಿಂತ ಹೆಚ್ಚು ಸಣ್ಣ ದೂಳನ್ನು ಒಳಬಿಡುತ್ತವೆ. ಎಣ್ಣೆ ಅತಿಯಾದರೆ ಗಾಳಿ ಅಳೆಯುವ ಸೆನ್ಸರ್ ಕೂಡ ಕೆಡಬಹುದು.

ನಿಮ್ಮ ಗಾಡಿಯೊಳಗೆ ದೂಳು ನುಗ್ಗುತ್ತಿದೆಯೇ ಎಂದು ತಿಳಿಯಲು ಎಂಜಿನ್ ಆರಿಸಿ, ಕಂಪನಿಯ ಡಬ್ಬದ ಕ್ಲಿಪ್ ಬಿಚ್ಚಿ, ಫಿಲ್ಟರ್ ದಾಟಿದ ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಫಿಲ್ಟರ್ ಹರಿದಿದೆ, ಇಲ್ಲವೇ ಅಂಚಿನ ರಬ್ಬರ್ ಕೂತಿಲ್ಲ. ಕಾಗದದ ಫಿಲ್ಟರನ್ನು ಜೋರು ಗಾಳಿಯಿಂದ ಊದಿಸಬೇಡಿ, ಎಳೆ ಹರಿಯುತ್ತದೆ. ಹೊಸ ಇಂಟೇಕಿಗೆ ಎತ್ತಿಟ್ಟ ಹಣದಲ್ಲಿ ಒಳ್ಳೆಯ ಕಾಗದದ ಫಿಲ್ಟರ್ ತಂದು, ಮಣ್ಣುರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗನೆ ಬದಲಿಸಿ.