ಟೇಡೆ ಜ್ವಾಲಾಮುಖಿಗೆ ನಾಲ್ಕು ಸೈಕಲ್ ದಾರಿಗಳು

ಆಫ್ರಿಕಾದ ವಾಯವ್ಯ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರದಲ್ಲಿರುವ ಕೆನರಿ ದ್ವೀಪಗಳು ಸ್ಪೇನ್ ದೇಶಕ್ಕೆ ಸೇರಿದವು. ಅವುಗಳಲ್ಲಿ ಅತಿ ದೊಡ್ಡದು ಟೆನೆರೀಫ್. ದ್ವೀಪದ ನಡುವೆ ನಿಂತಿರುವ ಟೇಡೆ ಜ್ವಾಲಾಮುಖಿಯ ಎತ್ತರ 3,715 ಮೀಟರ್; ಸ್ಪೇನಿನಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಶಿಖರದವರೆಗೆ ರಸ್ತೆಯಿಲ್ಲ. ಆದರೆ ಅದರ ಬುಡದಲ್ಲಿ, 2,000 ಮೀಟರಿಗೂ ಮೇಲೆ, ಲಾಸ್ ಕನ್ಯಾದಾಸ್ ಎಂಬ ಬೋಗುಣಿಯಂಥ ಬಯಲಿದೆ. ಆ ಬಯಲಿಗೆ ನಾಲ್ಕು ದಿಕ್ಕುಗಳಿಂದ ನಾಲ್ಕು ಡಾಂಬರು ರಸ್ತೆಗಳು ಏರಿಬರುತ್ತವೆ. ಯುರೋಪಿನ ವೃತ್ತಿಪರ ಸೈಕಲ್ ತಂಡಗಳು ಎತ್ತರದ ತರಬೇತಿಗಾಗಿ ಇಲ್ಲಿಗೆ ಬರುತ್ತವೆ. ಅವರ ಹಿಂದೆಯೇ ನಮ್ಮಂಥ ಹವ್ಯಾಸಿಗಳೂ ಬರುತ್ತೇವೆ. ಇಂಗ್ಲೆಂಡಿನಿಂದ ನಾಲ್ಕೂವರೆ ಗಂಟೆಯ ವಿಮಾನ ಪ್ರಯಾಣವಷ್ಟೆ.

ನಾನು ವೃತ್ತಿಯಿಂದ ಅರಿವಳಿಕೆ ವೈದ್ಯ. ಐವತ್ತು ದಾಟಿದ ಮೇಲೆ ಎರಡು ಬಾರಿ ಟೇಡೆಗೆ ಹೋಗಿದ್ದೇನೆ. ಮೊದಲ ಸಲ ಅರ್ಧ ದಾರಿಯಿಂದ ಹಿಂದಿರುಗಿದೆ. ಹೊರಡುವ ಮುನ್ನ ನಾನು ನಕ್ಷೆಯನ್ನು ಓದಿದ್ದೆ, ಬೆಟ್ಟವನ್ನು ಓದಿರಲಿಲ್ಲ. ನನ್ನ ದೇಹವನ್ನಂತೂ ಓದಿರಲೇ ಇಲ್ಲ. ಈ ಲೇಖನ ಆ ಎರಡು ಓದುಗಳನ್ನು ಕುರಿತದ್ದು.

ಬೆಟ್ಟದ ವಯಸ್ಸು, ರಸ್ತೆಯ ಏರು

ನಾನು ಹುಟ್ಟಿ ಬೆಳೆದದ್ದು ವಿಜಯಪುರದ ಎರೆಭೂಮಿಯಲ್ಲಿ. ಮಳೆ ಬಿದ್ದರೆ ಎರೆಮಣ್ಣು ಸೈಕಲ್ಲಿನ ಮಡ್ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗುತ್ತಿರಲಿಲ್ಲ. ಸೈಕಲ್ಲನ್ನು ಹೊತ್ತುಕೊಂಡೇ ಶಾಲೆಗೆ ಹೋಗುತ್ತಿದ್ದೆವು. ಆ ಮಣ್ಣು, ಗೋಲಗುಮ್ಮಟದ ಕಪ್ಪು ಕಲ್ಲು ಎರಡೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾದ ಸಂತಾನವೆಂಬುದು ಅಂದು ತಿಳಿದಿರಲಿಲ್ಲ. ತೆಳ್ಳಗೆ ಹರಿದ ಬಸಾಲ್ಟ್ ಲಾವಾ ಅಲ್ಲಿ ಪದರಪದರವಾಗಿ ಹರಡಿ ಪ್ರಸ್ಥಭೂಮಿಯಾಯಿತು. ಟೆನೆರೀಫ್‌ನಲ್ಲಿ ಹಾಗಲ್ಲ. ಸಾಗರದ ತಳದಿಂದ ಮೇಲೆದ್ದ ಶಿಲಾರಸ ಒಂದೇ ಜಾಗದ ಸುತ್ತ ಮತ್ತೆ ಮತ್ತೆ ಒಟ್ಟಿಕೊಂಡು ಪರ್ವತವಾಯಿತು.

ಜ್ವಾಲಾಮುಖಿಯ ಸೀಮೆಯಲ್ಲಿ ಸೈಕಲ್ ಸವಾರನಿಗೆ ಅತ್ಯಂತ ಉಪಯುಕ್ತವಾದ ಸೂತ್ರವೊಂದಿದೆ: ಎಳೆಯ ನೆಲದಲ್ಲಿ ಏರು ಸಮನಾಗಿರುತ್ತದೆ, ಹಳೆಯ ನೆಲದಲ್ಲಿ ಕಡಿದಾಗಿರುತ್ತದೆ. ಲಾವಾ ತಾನು ಹರಿದ ಇಳಿಜಾರನ್ನೇ ಉಳಿಸಿಕೊಳ್ಳುತ್ತದೆ. ಮಳೆನೀರು ಅದನ್ನು ಕೊರೆದು ಕಣಿವೆ ಮಾಡಲು ಲಕ್ಷಾಂತರ ವರ್ಷ ಬೇಕು. ದ್ವೀಪದ ವಾಯವ್ಯದ ತೇನೊ, ಈಶಾನ್ಯದ ಅನಾಗ ಶ್ರೇಣಿಗಳು ಹಲವು ದಶಲಕ್ಷ ವರ್ಷಗಳಷ್ಟು ಹಳೆಯವು. ಆದ್ದರಿಂದಲೇ ತೇನೊದ ಮಾಸ್ಕ ಹಳ್ಳಿಗೆ ಇಳಿಯುವ ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಕಮರಿಗೆ ಬೀಳುತ್ತದೆ. ಟೇಡೆಯ ಶಂಕುವಿನ ವಯಸ್ಸು ಎರಡು ಲಕ್ಷ ವರ್ಷಕ್ಕಿಂತ ಕಡಿಮೆ. ಅದರ ಕಡೆಗೆ ಏರುವ ರಸ್ತೆಗಳು ಹೆಚ್ಚಾಗಿ ಶೇ. 5ರಿಂದ 7ರ ಏರಿನಲ್ಲಿರುತ್ತವೆ. ಅಂದರೆ 100 ಮೀಟರ್ ಸಾಗಿದರೆ ಐದಾರು ಮೀಟರ್ ಮೇಲೇರುತ್ತೇವೆ.

ಕೇಳಲು ಇದು ಸುಲಭವೆನಿಸುತ್ತದೆ. ಅಪಾಯವಿರುವುದೂ ಅಲ್ಲಿಯೇ. ಲಂಡನ್ ಸುತ್ತಮುತ್ತಲಿನ ಸವಾರರಿಗೆ ಚಿರಪರಿಚಿತವಾದ ಬಾಕ್ಸ್ ಹಿಲ್ ಏರು ಸುಮಾರು ಎರಡೂವರೆ ಕಿ.ಮೀ.ಗೆ ಮುಗಿದುಹೋಗುತ್ತದೆ. ಅದೇ ಏರನ್ನು ಟೇಡೆಯಲ್ಲಿ ಮೂರು ನಾಲ್ಕು ಗಂಟೆ ತುಳಿಯಬೇಕು. ನಡುವೆ ಉಸಿರು ಸುಧಾರಿಸಿಕೊಳ್ಳಲು ಇಳಿಜಾರು ಸಿಗುವುದು ಅಪರೂಪ. ದೇಹ ಮುಚ್ಚಿಟ್ಟುಕೊಂಡದ್ದೆಲ್ಲ ಅಲ್ಲಿ ಹೊರಬೀಳುತ್ತದೆ.

ನಾಲ್ಕು ದಾರಿಗಳು

ದಕ್ಷಿಣದ ದಾರಿ ಲೋಸ್ ಕ್ರಿಸ್ತಿಯಾನೋಸ್ ಕಡಲತೀರದಿಂದ ಅರೋನ ಊರಿನ ಮೂಲಕ ಸುಮಾರು 1,400 ಮೀಟರ್ ಎತ್ತರದ ವಿಲಾಫ್ಲೋರ್ ಹಳ್ಳಿಗೆ, ಅಲ್ಲಿಂದ ಟಿಎಫ್-21 ರಸ್ತೆಯಲ್ಲಿ ಪೈನ್ ಕಾಡನ್ನು ಹಾದು ಬೋಕಾ ತಾವುಸೆ ಎಂಬ ಕೂಡುರಸ್ತೆಗೆ ತಲುಪುತ್ತದೆ. ಬಿಸಿಲು ಹೆಚ್ಚು, ನೆರಳು ಕಡಿಮೆ. ವಿಲಾಫ್ಲೋರ್ ಬಿಟ್ಟ ಮೇಲೆ ಮುಂದಿನ ಬಯಲನ್ನು ಸೇರುವವರೆಗೆ ಊರಿಲ್ಲ. ನೀರನ್ನು ಅಲ್ಲಿಯೇ ತುಂಬಿಕೊಳ್ಳಬೇಕು.

ಪಶ್ಚಿಮದ ದಾರಿ ಚೀಯೊ ಹಳ್ಳಿಯಿಂದ ಹೊರಡುವ ಟಿಎಫ್-38. ಜ್ವಾಲಾಮುಖಿಯನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಇದೇ ಸರಿ. 1909ರಲ್ಲಿ ಹತ್ತು ದಿನ ಉರಿದ ಚಿನ್ಯೇರೊ ಇದರ ಸಮೀಪದಲ್ಲಿದೆ. ದ್ವೀಪದ ಕೊನೆಯ ಸ್ಫೋಟ ಅದು. ಇನ್ನೂ ಮೇಲೆ, 1798ರಲ್ಲಿ ಮೂರು ತಿಂಗಳು ಹರಿದ ಲಾವಾದ ಕಪ್ಪು ಹರವನ್ನು ರಸ್ತೆ ಸೀಳಿಕೊಂಡು ಹೋಗುತ್ತದೆ. ಇನ್ನೂರು ವರ್ಷ ಕಳೆದರೂ ಅಲ್ಲಿ ಗಿಡ ಬೇರೂರಿದ್ದು ಕಡಿಮೆ.

ಉತ್ತರದ ದಾರಿ ಪುಯೆರ್ತೊ ದೆ ಲಾ ಕ್ರೂಸ್ ಬಂದರಿನಿಂದ ಲಾ ಒರೊತಾವ ಕಣಿವೆಯ ಮೂಲಕ ಎಲ್ ಪೋರ್ತಿಯೊ ಕೂಡುರಸ್ತೆಗೆ ಏರುತ್ತದೆ. ಪರ್ವತದ ಪಾರ್ಶ್ವವೊಂದು ಸಮುದ್ರಕ್ಕೆ ಕುಸಿದು ಜಾರಿದ್ದರಿಂದ ಆದ ಕಣಿವೆ ಅದು. ನಾಲ್ಕರಲ್ಲಿ ಅತ್ಯಂತ ಹಸಿರಾದ, ಒದ್ದೆಯಾದ ದಾರಿ ಇದು. ಸಮುದ್ರಮಟ್ಟದಿಂದ ನೇರ 2,000 ಮೀಟರ್ ಏರಬೇಕು.

ಪೂರ್ವದ ದಾರಿ ಲಾ ಲಗೂನ ಪಟ್ಟಣದಿಂದ ಲಾ ಎಸ್ಪೆರಾನ್ಸ ಮೂಲಕ ಬೆಟ್ಟದ ಬೆನ್ನಿನ ಮೇಲೆಯೇ ಸಾಗುವ ಟಿಎಫ್-24. ಭೂಮಿಯ ಬಿರುಕಿನುದ್ದಕ್ಕೂ ಸಣ್ಣ ಸಣ್ಣ ಸ್ಫೋಟಗಳಾಗಿ ಬೆಳೆದ ಏಣು ಇದು. ನಾಲ್ಕರಲ್ಲಿ ಸೌಮ್ಯವಾದ ದಾರಿ. ಪಟ್ಟಣವೇ ಸುಮಾರು 550 ಮೀಟರ್ ಎತ್ತರದಲ್ಲಿರುವುದರಿಂದ ಏರುವುದೂ ಅಷ್ಟು ಕಡಿಮೆ. ನಡುನಡುವೆ ಸಮತಟ್ಟು ಸಿಗುತ್ತದೆ.

ಮೋಡ, ಗಾಳಿ, ಆಮ್ಲಜನಕ

ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಉತ್ತರದ ಇಳಿಜಾರಿಗೆ ಬಡಿದು ಮೇಲೇರುತ್ತವೆ. ಅವುಗಳ ಮೇಲೆ ಬೆಚ್ಚಗಿನ ಒಣಗಾಳಿಯ ಮುಚ್ಚಳವಿರುವುದರಿಂದ ಮೋಡ ಇನ್ನೂ ಮೇಲೆ ಹೋಗಲಾರದು. ಹೀಗೆ ಸಾಮಾನ್ಯವಾಗಿ 1,000ದಿಂದ 1,500 ಮೀಟರ್ ಆಸುಪಾಸಿನಲ್ಲಿ ಮೋಡದ ಕಡಲು ನಿಲ್ಲುತ್ತದೆ. ಉತ್ತರದಿಂದ ಏರುವವರು ಮಂಜಿನೊಳಗೆ ನೆನೆದು, ಥಟ್ಟನೆ ಬಿಸಿಲಿಗೆ ಹೊರಬರುತ್ತಾರೆ. ಸಂಜೆ ಇಳಿಯುವಾಗ ಬೆವರಿದ ಮೈಯಲ್ಲಿ ಮತ್ತೆ ಆ ಮಂಜನ್ನು ಹೊಕ್ಕಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೆರಳುಗಳು ಮರಗಟ್ಟಿದರೆ ಬ್ರೇಕು ಹಿಡಿಯಲಾಗದು. ಗಾಳಿ ತಡೆಯುವ ಅಂಗಿ ಮತ್ತು ಪೂರ್ಣ ಕೈಗವಸು ಬೇಸಗೆಯಲ್ಲೂ ಅಗತ್ಯ. ಚಳಿಗಾಲದಲ್ಲಿ ಹಿಮ ಬಿದ್ದು ಮೇಲಿನ ರಸ್ತೆಗಳನ್ನು ಮುಚ್ಚುವುದುಂಟು.

2,300 ಮೀಟರ್ ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟಿರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ. 21 ಆಗಿಯೇ ಇದ್ದರೂ ಪ್ರತಿ ಉಸಿರಿನಲ್ಲಿ ನಮಗೆ ದಕ್ಕುವುದು ಕಡಿಮೆ. ಅದನ್ನು ಸರಿದೂಗಿಸಲು ಹೃದಯ ವೇಗವಾಗಿ ಬಡಿಯುತ್ತದೆ. ಆರೋಗ್ಯವಂತರಿಗೆ ಇದು ತೊಂದರೆಯಲ್ಲ. ಹೃದಯದ ರಕ್ತನಾಳ ಕಿರಿದಾಗಿದ್ದವರಿಗೆ ಕೆಲಸ ಹೆಚ್ಚಿ ಪೂರೈಕೆ ಕುಗ್ಗುವ ಸನ್ನಿವೇಶ ಇದು.

ನಾನು ಹಿಂದಿರುಗಿದ ದಿನ

ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳಿಗೆ ನಾವು ಅರಿವಳಿಕೆ ವೈದ್ಯರು ಒಂದು ಪ್ರಶ್ನೆ ಕೇಳುತ್ತೇವೆ: ‘ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಬಲ್ಲಿರಾ?’ ಹೃದಯದ ಸಾಮರ್ಥ್ಯವನ್ನು ಅಂದಾಜಿಸುವ ಸರಳ ವಿಧಾನವದು. ಸಾವಿರಾರು ಜನರಿಗೆ ಅದನ್ನು ಕೇಳಿದ ನಾನು, ಅದರ ಎರಡರಷ್ಟು ಶ್ರಮವನ್ನು ಗಂಟೆಗಟ್ಟಲೆ ಬೇಡುವ ಏರಿಗೆ ಹೊರಟಾಗ ನನ್ನನ್ನೇ ಏನನ್ನೂ ಕೇಳಿಕೊಂಡಿರಲಿಲ್ಲ.

ಆಗ ನನಗೆ 51 ವರ್ಷ. ಜೊತೆಗೆ ಮೈಸೂರಿನ ಎಂಜಿನಿಯರ್ ಗೆಳೆಯರೊಬ್ಬರಿದ್ದರು. ದಕ್ಷಿಣದ ದಾರಿಯಲ್ಲಿ ವಿಲಾಫ್ಲೋರ್ ದಾಟಿ ಪೈನ್ ಕಾಡು ಹೊಕ್ಕಾಗ ಎಡದವಡೆಯಲ್ಲಿ ಏನೋ ಹಿಡಿದಂತಾಯಿತು, ಎದೆ ಬಿಗಿಯಿತು. ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತಿತ್ತು, ತುಳಿದರೆ ಬರುತ್ತಿತ್ತು. ಎತ್ತರದ ಗಾಳಿ ಎಂದುಕೊಂಡೆ. ಬೆಳಗಿನ ಕಾಫಿಯ ಆಮ್ಲವೆಂದುಕೊಂಡೆ. ಮೂರನೆಯ ಸಲ ನಿಂತಾಗ ಗೆಳೆಯರು ಕೇಳಿದರು: “ಡಾಕ್ಟ್ರೇ, ನಿಮ್ಮ ಪೇಷೆಂಟು ಹೀಗಂದಿದ್ರೆ ಏನ್ ಮಾಡ್ತಿದ್ರಿ?”

ಉತ್ತರ ಗೊತ್ತಿತ್ತು. ರಸ್ತೆಬದಿಯಲ್ಲಿ ಕುಳಿತೆ. 112ಕ್ಕೆ ಕರೆ ಮಾಡಬೇಕಿತ್ತು. ಸಂಕೋಚದಿಂದ ಟ್ಯಾಕ್ಸಿ ತರಿಸಿ ಆಸ್ಪತ್ರೆಗೆ ಹೋದೆ. ಅದು ನನ್ನ ಎರಡನೆಯ ತಪ್ಪು. ಅಂದಿನ ಇಸಿಜಿ, ರಕ್ತಪರೀಕ್ಷೆ ಸರಿಯಾಗಿಯೇ ಇದ್ದವು. ಊರಿಗೆ ಮರಳಿ ಆಂಜಿಯೋಗ್ರಾಮ್ ಮಾಡಿಸಿದಾಗ ಹೃದಯದ ಮುಖ್ಯ ರಕ್ತನಾಳವೊಂದು ಬಹುಪಾಲು ಮುಚ್ಚಿತ್ತು. ಸ್ಟೆಂಟ್ ಹಾಕಿದರು.

ಹೊರಡುವ ಮುನ್ನ

ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು. ಕಿರಿಯ ವಯಸ್ಸಿನಲ್ಲೇ ಬರುವುದೂ ಹೆಚ್ಚು. ತೆಳ್ಳಗಿರುವುದಾಗಲಿ, ಸಸ್ಯಾಹಾರವಾಗಲಿ ಅದಕ್ಕೆ ಖಾತರಿಯಲ್ಲ. ನಲವತ್ತು ದಾಟಿದವರು ಇಂಥ ಏರಿಗೆ ಮುನ್ನ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಂಡು, ಮನೆತನದ ಹೃದ್ರೋಗವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ದೀರ್ಘ ಏರಿನ ದಿನದ ಪ್ರಮಾಣವನ್ನು ಮೊದಲೇ ಕೇಳಿಕೊಳ್ಳಬೇಕು, ಜೇಬಿನಲ್ಲಿ ಗ್ಲುಕೋಸ್ ಇಟ್ಟುಕೊಳ್ಳಬೇಕು. ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲ. ಅವರು ಕೈಗಡಿಯಾರದ ಅಂಕಿಯನ್ನು ನಂಬದೆ, ಪೂರ್ತಿ ವಾಕ್ಯ ಆಡಲು ಸಾಧ್ಯವಾಗುವಷ್ಟೇ ವೇಗದಲ್ಲಿ ತುಳಿಯಬೇಕು. ದವಡೆ, ತೋಳು, ಎದೆ, ಹೊಟ್ಟೆಯ ಮೇಲ್ಭಾಗ ಇವುಗಳಲ್ಲಿ ಎಲ್ಲಿಯೇ ಆಗಲಿ, ಶ್ರಮದಿಂದ ಬಂದು ವಿಶ್ರಾಂತಿಯಿಂದ ಹೋಗುವ ಬಿಗಿತವನ್ನು ಬೇರೆ ಕಾರಣ ಸಾಬೀತಾಗುವವರೆಗೆ ಹೃದಯದ್ದೆಂದೇ ತಿಳಿಯಬೇಕು.

ಎರಡು ವರ್ಷದ ನಂತರ, ಹೃದ್ರೋಗ ತಜ್ಞರ ಒಪ್ಪಿಗೆ ಪಡೆದು, ಅದೇ ಗೆಳೆಯರೊಂದಿಗೆ ಮತ್ತೆ ಹೋದೆ. ಈ ಸಲ ಆರಿಸಿಕೊಂಡದ್ದು ಪೂರ್ವದ ದಾರಿ. ಅಲ್ಲಿ ರಸ್ತೆಗಾಗಿ ಕಡಿದ ಗುಡ್ಡವೊಂದರಲ್ಲಿ ಕಪ್ಪು, ಬಿಳಿ, ಕೆಂಗಂದು ಬೂದಿಪದರಗಳು ಒಂದರ ಮೇಲೊಂದು ಕಾಣುತ್ತವೆ. ಊರವರು ಅದನ್ನು ‘ಲಾ ತಾರ್ತ’, ಅಂದರೆ ಕೇಕು ಎನ್ನುತ್ತಾರೆ. ಹೊರಗಿನಿಂದ ಒಂದೇ ಬಣ್ಣದ ದಿಬ್ಬ. ಕಡಿದಾಗಲೇ ಒಳಗಿನ ಚರಿತ್ರೆ ತಿಳಿದದ್ದು. ಅದರ ಮುಂದೆ ಸೈಕಲ್ ಒರಗಿಸಿ ಖರ್ಜೂರ ತಿಂದೆವು. ಎಲ್ ಪೋರ್ತಿಯೊ ತಲುಪಲು ಐದು ಗಂಟೆ ಹಿಡಿಯಿತು. ನಮ್ಮನ್ನು ಹಿಂದೆ ಹಾಕಿ ಹೋದವರನ್ನು ನಾವು ಎಣಿಸಲಿಲ್ಲ.