ಸೋಮವಾರ ರಾತ್ರಿಯ ಡ್ರಮ್ಮರ್

ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ನಿನಲ್ಲಿ ಗ್ರೀನಿಚ್ ವಿಲೇಜ್ ಎಂಬ ಹಳೆಯ ಬಡಾವಣೆಯಿದೆ. ಅಲ್ಲಿನ ಸೆವೆಂತ್ ಅವೆನ್ಯೂ ರಸ್ತೆಯಲ್ಲಿ 178ನೇ ನಂಬರಿನ ಬಾಗಿಲು ತೆರೆದರೆ ಮುಂದೆ ನಡೆಯಲು ಜಾಗವಿಲ್ಲ. ಕಡಿದಾದ ಮೆಟ್ಟಿಲುಗಳನ್ನು ಹಿಡಿದು ಕೆಳಕ್ಕೇ ಇಳಿಯಬೇಕು. ಇಳಿದಲ್ಲಿ ಮೂರು ಮೂಲೆಯ ಒಂದು ನೆಲಮಾಳಿಗೆ. 123 ಜನ ಕೂತರೆ ಅದು ಭರ್ತಿ. ನಮ್ಮಲ್ಲಿ ತಾಲ್ಲೂಕು ಕೇಂದ್ರದ ಕಲ್ಯಾಣಮಂಟಪದ ಊಟದ ಹಾಲ್ ಕೂಡ ಇದಕ್ಕಿಂತ ದೊಡ್ಡದಿರುತ್ತದೆ. ಅಡುಗೆಮನೆ ಇದೆ, ಆದರೆ ಅಲ್ಲಿ ಅಡುಗೆ ಮಾಡುವುದಿಲ್ಲ. ಕಲಾವಿದರು ಕೂತು ಹರಟುವುದಕ್ಕೂ ವಾದ್ಯದ ಪೆಟ್ಟಿಗೆ ಇಡುವುದಕ್ಕೂ ಅದೇ ಜಾಗ. ಇದರ ಹೆಸರು ವಿಲೇಜ್ ವ್ಯಾನ್‌ಗಾರ್ಡ್. ಜಾಝ್ ಸಂಗೀತದ ಮಟ್ಟಿಗೆ ಇದಕ್ಕಿಂತ ದೊಡ್ಡ ಹೆಸರಿನ ಚಿಕ್ಕ ಜಾಗ ಇನ್ನೊಂದಿಲ್ಲ.

ಈ ನೆಲಮಾಳಿಗೆಯಲ್ಲಿ ಸೋಮವಾರ ಬಂತೆಂದರೆ ಒಂದೇ ತಂಡದ ಕಛೇರಿ. ಹದಿನಾರು ಜನರ ದೊಡ್ಡ ತಂಡ. ಬರುವ ಸೋಮವಾರ ಯಾರ ಕಾರ್ಯಕ್ರಮ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ಯಾರು ಯಾರು ಬರುತ್ತಾರೆ, ಯಾರ ಬದಲಿಗೆ ಯಾರು ಕೂರುತ್ತಾರೆ ಎಂಬ ಕುತೂಹಲ ಮಾತ್ರ ವಾರವಾರವೂ ಹೊಸದು. 1966ರ ಫೆಬ್ರುವರಿ 7ರಂದು ಶುರುವಾದ ಈ ಪರಿಪಾಠದ ಬೆನ್ನೆಲುಬಾಗಿದ್ದವರು ಮೆಲ್ ಲೂಯಿಸ್ ಎಂಬ ಡ್ರಮ್ಮರ್. ಡ್ರಮ್ಮಿನ ಹಿಂದೆ ತಣ್ಣಗೆ ಕೂತು, ಇಪ್ಪತ್ತನಾಲ್ಕು ವರ್ಷ ಸೋಮವಾರವನ್ನು ಹಿಡಿದಿಟ್ಟುಕೊಂಡ ಮನುಷ್ಯ.

ಮೆಲ್ ಹುಟ್ಟಿದ್ದು 1929ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫೆಲೋ ಪಟ್ಟಣದಲ್ಲಿ. ರಷ್ಯಾದಿಂದ ವಲಸೆ ಬಂದ ಯಹೂದಿ ಮನೆತನ; ಹುಟ್ಟುಹೆಸರು ಮೆಲ್ವಿನ್ ಸೊಕೊಲೋಫ್. ತಂದೆಯೂ ಡ್ರಮ್ಮರ್. ಅಪ್ಪನ ಕೋಲು ಮಗನ ಕೈಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹದಿಹರೆಯದಲ್ಲೇ ದುಡಿಮೆಗೆ ಇಳಿದ ಹುಡುಗ 1954ರಲ್ಲಿ ಸ್ಟಾನ್ ಕೆಂಟನ್ ಅವರ ಪ್ರಸಿದ್ಧ ಬ್ಯಾಂಡ್ ಸೇರಿದ.

ಕೆಂಟನ್ ಬ್ಯಾಂಡಿನ ಮಾತು ಬಂದದ್ದರಿಂದ ಬೆಂಗಳೂರಿನ ಸಂಗೀತಪ್ರಿಯರು ನೆನೆಯಬೇಕಾದ ಒಂದು ಸಂಗತಿ ಹೇಳಿಯೇ ಮುಂದೆ ಹೋಗಬೇಕು. 1955ರಲ್ಲಿ ಆ ಬ್ಯಾಂಡ್ ಧ್ವನಿಮುದ್ರಿಸಿದ ‘ಕಾಂಟೆಂಪೊರರಿ ಕಾನ್ಸೆಪ್ಟ್ಸ್’ ಎಂಬ ರೆಕಾರ್ಡಿನಲ್ಲಿ ಡ್ರಮ್ ನುಡಿಸಿದವರು ಮೆಲ್ ಲೂಯಿಸ್. ಸ್ಯಾಕ್ಸೋಫೋನ್ ಸಾಲಿನಲ್ಲಿ ಕೂತಿದ್ದವರಲ್ಲಿ ಒಬ್ಬರು ಚಾರ್ಲಿ ಮರಿಯಾನೋ. ಮುಂದೆ ಇದೇ ಮರಿಯಾನೋ ನಾಗಸ್ವರದ ಹುಚ್ಚು ಹಿಡಿಸಿಕೊಂಡು ದಕ್ಷಿಣ ಭಾರತಕ್ಕೆ ಬಂದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಅವರಿಗೆ ಗಾಢ ನಂಟು ಬೆಳೆಯಿತು. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಗಾಯನದ ಜೊತೆ ಮರಿಯಾನೋ ನುಡಿಸಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ 1983ರದು. ಬಫೆಲೋದ ಡ್ರಮ್ಮರ್ ಪಕ್ಕ ಕೂತಿದ್ದ ಕಿವಿ ಬೆಂಗಳೂರಿನ ಘಟ, ಖಂಜಿರಗಳ ಲೆಕ್ಕಾಚಾರಕ್ಕೂ ಸೋತಿತು!

ಇರಲಿ. ಕೆಂಟನ್ ಬಳಿಕ ಮೆಲ್ ಕೆಲವು ವರ್ಷ ಲಾಸ್ ಏಂಜಲೀಸಿನಲ್ಲಿದ್ದರು. ಅಲ್ಲಿ ಟೆರಿ ಗಿಬ್ಸ್ ಎಂಬ ಕಲಾವಿದರು ಇವರಿಗೊಂದು ಅಡ್ಡಹೆಸರು ಅಂಟಿಸಿದರು: ‘ಟೈಲರ್’. ಕಾರಣ ಬಹಳ ಸರಳ. ಮೆಲ್ ನಡೆಯುವ ರೀತಿ ಗಿಬ್ಸ್ ಅವರ ಬಟ್ಟೆ ಹೊಲಿಯುವ ದರ್ಜಿಯನ್ನು ಹೋಲುತ್ತಿತ್ತಂತೆ. ಆದರೆ ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಬಿಡಿಬಿಡಿಯಾಗಿ ಚೆಲ್ಲಿದ ಹದಿನಾರು ವಾದ್ಯಗಳನ್ನು ಒಂದೇ ಅಂಗಿಯಾಗಿ ಹೊಲಿಯುವವರು ಎಂದು ಅವರು ಅರ್ಥ ಹಚ್ಚಿದರು. ಹೆಸರಿಟ್ಟವರ ಕಾರಣಕ್ಕಿಂತ ಕೇಳುಗರ ಕಾರಣವೇ ಹೆಚ್ಚು ನಿಜವೆನಿಸುತ್ತದೆ.

ಸೋಮವಾರವೇ ಏಕೆ?

1960ರ ದಶಕದ ಹೊತ್ತಿಗೆ ದೊಡ್ಡ ಬ್ಯಾಂಡುಗಳ ಕಾಲ ಮುಗಿದುಹೋಗಿತ್ತು. ಹದಿನೆಂಟು ಜನಕ್ಕೆ ಸಂಬಳ ಕೊಟ್ಟು, ಬಸ್ಸಿನಲ್ಲಿ ಊರೂರು ಸುತ್ತಿಸುವ ಖರ್ಚು ಯಾರಿಗೆ ಬೇಕು? ರಾಕ್ ಸಂಗೀತದ ನಾಲ್ವರು ಹುಡುಗರು ವಿದ್ಯುತ್ ಗಿಟಾರ್ ಹಿಡಿದರೆ ಮೈದಾನವೇ ತುಂಬುತ್ತಿದ್ದ ದಿನಗಳವು. ನ್ಯೂಯಾರ್ಕಿನ ನುರಿತ ಜಾಝ್ ವಾದಕರು ಹೊಟ್ಟೆಪಾಡಿಗೆ ಸ್ಟುಡಿಯೋಗಳಲ್ಲಿ ಟೆಲಿವಿಷನ್ ಕಾರ್ಯಕ್ರಮಕ್ಕೆ, ಜಾಹೀರಾತಿಗೆ, ಇನ್ಯಾರದೋ ಹಾಡಿನ ಹಿನ್ನೆಲೆಗೆ ನುಡಿಸುತ್ತಿದ್ದರು. ಕೈತುಂಬ ಕೆಲಸ, ಒಳ್ಳೆಯ ಸಂಪಾದನೆ. ಮನಸ್ಸಿಗೆ ಮಾತ್ರ ಬರಗಾಲ.

ಹೀಗೆ ದುಡಿಯುತ್ತಿದ್ದವರಲ್ಲಿ ಮೆಲ್ ಒಬ್ಬರು, ಥ್ಯಾಡ್ ಜೋನ್ಸ್ ಇನ್ನೊಬ್ಬರು. ಥ್ಯಾಡ್ ಜೋನ್ಸ್ ತುತ್ತೂರಿ ಜಾತಿಯ ಕಾರ್ನೆಟ್, ಟ್ರಂಪೆಟ್ ವಾದ್ಯಗಳಲ್ಲಿ ಪಳಗಿದವರು; ಕೌಂಟ್ ಬೇಸಿ ಬ್ಯಾಂಡಿನಲ್ಲಿ ಸುಮಾರು ಒಂಬತ್ತು ವರ್ಷ ಇದ್ದವರು. ಅವರ ಮನೆಯೇ ಸಂಗೀತದ ಮನೆ. ಅಣ್ಣ ಹ್ಯಾಂಕ್ ಪಿಯಾನೋದಲ್ಲಿ, ತಮ್ಮ ಎಲ್ವಿನ್ ಡ್ರಮ್ಮಿನಲ್ಲಿ ಜಗತ್ಪ್ರಸಿದ್ಧರು. ಥ್ಯಾಡ್ ಬಳಿ ತಾವು ಬರೆದ ಸಂಗೀತದ ಕಂತೆ ಇತ್ತು. ಅದನ್ನು ನುಡಿಸುವ ಬ್ಯಾಂಡ್ ಇರಲಿಲ್ಲ. 1965ರ ಕೊನೆಯಲ್ಲಿ ಇಬ್ಬರೂ ಸೇರಿ ಗೆಳೆಯರನ್ನು ಕರೆದರು. ತಾಲೀಮು ನಡೆದದ್ದು ಎ ಅಂಡ್ ಆರ್ ಎಂಬ ಸ್ಟುಡಿಯೋದಲ್ಲಿ. ಸಮಯ? ನಡುರಾತ್ರಿ! ದಿನದ ದುಡಿಮೆ ಮುಗಿಸಿ ಎಲ್ಲರೂ ಕೈಗೆ ಸಿಗುತ್ತಿದ್ದದ್ದೇ ಆಗ.

ವ್ಯಾನ್‌ಗಾರ್ಡ್ ಮಾಲೀಕ ಮ್ಯಾಕ್ಸ್ ಗಾರ್ಡನ್‌ಗೆ ಸೋಮವಾರ ಎಂದರೆ ಗಿರಾಕಿಗಳಿಲ್ಲದ ದಿನ. ಅಲನ್ ಗ್ರಾಂಟ್ ಎಂಬ ರೇಡಿಯೋ ನಿರೂಪಕರು ನಡುವೆ ನಿಂತು ಮಾತಾಡಿದರು. ಮೊದಲಿಗೆ ಒಪ್ಪಂದವಾದದ್ದು ಕೆಲವೇ ಸೋಮವಾರಗಳಿಗೆ. ಮೊದಲ ರಾತ್ರಿಯೇ ನೆಲಮಾಳಿಗೆ ಕಿಕ್ಕಿರಿಯಿತು. ಕೆಲವು ಸೋಮವಾರಗಳು ಹೋಗಿ ಎಲ್ಲ ಸೋಮವಾರಗಳೂ ಅವರವೇ ಆದವು.

ಆ ತಂಡದ ಇನ್ನೊಂದು ವಿಶೇಷವನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ ಜನಾಂಗಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಬಹುಪಾಲು ಬ್ಯಾಂಡುಗಳು ಪೂರ್ತಿ ಕರಿಯರದೋ ಪೂರ್ತಿ ಬಿಳಿಯರದೋ ಆಗಿರುತ್ತಿದ್ದವು. ಇಲ್ಲಿ ಕರಿಯ ಥ್ಯಾಡ್, ಬಿಳಿಯ ಮೆಲ್ ಸರಿಸಮ ಯಜಮಾನರು. ಅವರ ಮುಂದಿನ ಸಾಲುಗಳಲ್ಲೂ ಎರಡು ಬಣ್ಣದವರು ಭುಜಕ್ಕೆ ಭುಜ ತಾಗಿಸಿ ಕೂತವರು. ಈ ಕುರಿತು ಅವರು ಭಾಷಣ ಮಾಡಲಿಲ್ಲ. ವಾರಕ್ಕೊಮ್ಮೆ ಜನರ ಎದುರು ಕೂತು ನುಡಿಸಿದರು, ಅಷ್ಟೆ.

ಗದ್ದಲವಿಲ್ಲದ ಡ್ರಮ್ಮು

ದೊಡ್ಡ ಬ್ಯಾಂಡಿನ ಡ್ರಮ್ಮರ್ ಎಂದರೆ ಅಬ್ಬರಿಸುವವನು ಎಂಬುದೇ ರೂಢಿಯ ನಂಬಿಕೆ. ಎಂಟು ಹಿತ್ತಾಳೆ ತುತ್ತೂರಿಗಳು ಒಟ್ಟಿಗೆ ಕೂಗುವಾಗ ಮೆತ್ತಗೆ ನುಡಿಸಿದರೆ ಕೇಳೀತೇ? ಮೆಲ್ ಬೇರೆಯೇ ದಾರಿ ಹಿಡಿದರು. ನಾಲ್ಕು ಜನರ ಪುಟ್ಟ ತಂಡಕ್ಕೆ ನುಡಿಸುವ ಹಾಗೆ ಹದಿನಾರು ಜನಕ್ಕೆ ನುಡಿಸಿದರು. ಡ್ರಮ್ಮುಗಳು ಕೆಲವೇ, ಅವುಗಳ ಮೇಲೆ ಪ್ಲಾಸ್ಟಿಕ್ ಬದಲು ಹಳೆಯ ಕಾಲದ ಕರುವಿನ ತೊಗಲು. ಬಲಗೈ ಸದಾ ಆಡುತ್ತಿದ್ದದ್ದು ಕಂಚಿನ ದೊಡ್ಡ ಸಿಂಬಲ್ ಮೇಲೆ. ಟರ್ಕಿಯ ಕುಲುಮೆಯ ಮಾದರಿಯ ಆ ಸಿಂಬಲ್‌ಗಳ ದನಿ ಚುರುಕಾಗಿ ಕಿವಿಗೆ ಚುಚ್ಚದು. ಹೊಗೆಯ ಹಾಗೆ ಹರಡಿ, ಇತರ ವಾದ್ಯಗಳ ಅಡಿಗೆ ಹಾಸಿಗೆಯಾಗುತ್ತದೆ. ಜೊತೆಗೆ ರಿವೆಟ್ ಹೊಡೆದ ಚೈನಾ ಸಿಂಬಲ್ ಒಂದು. ಅದನ್ನು ಮುಟ್ಟಿದರೆ ಸಣ್ಣ ಮಳೆ ಸುರಿದ ಸದ್ದು.

ನಮ್ಮ ಕಛೇರಿಯಲ್ಲಿ ತನಿ ಆವರ್ತನಕ್ಕೆ ಜನ ಕಾಯುತ್ತಾರಲ್ಲ, ಮೆಲ್ ಅಂಥ ತನಿಗೆ ಹಾತೊರೆದವರಲ್ಲ. ಹಾಡಿನ ಸಾಹಿತ್ಯ ಬಲ್ಲ ಒಳ್ಳೆಯ ಮೃದಂಗ ವಿದ್ವಾಂಸರು ಗಾಯಕರ ಉಸಿರು ನೋಡಿ ನುಡಿಸುವಂತೆ, ಟ್ರಂಪೆಟ್ ಸಾಲಿನವರು ಎಲ್ಲಿ ಉಸಿರು ತೆಗೆಯುತ್ತಾರೆಂದು ಗಮನಿಸಿ ಆ ಸಂದಿಯಲ್ಲಿ ಒಂದು ಏಟು ಹಾಕುತ್ತಿದ್ದರು. ಎದುರಿಗೆ ಥ್ಯಾಡ್ ಜೋನ್ಸ್ ಕೈಬೀಸಿ ನಿರ್ದೇಶನ ಕೊಡುವರು. ಬರೆದಿಟ್ಟ ಸಂಗೀತವನ್ನು ಅವರು ವೇದಿಕೆಯ ಮೇಲೆಯೇ ಬದಲಿಸುವುದಿತ್ತು: ಕೈ ಎತ್ತಿದರೆ ಇಡೀ ತಂಡ ಥಟ್ಟನೆ ನಿಲ್ಲಬೇಕು, ಸ್ಯಾಕ್ಸೋಫೋನ್ ಒಂದೇ ನುಡಿಯಬೇಕು, ಮತ್ತೆ ಬೆರಳು ಆಡಿಸಿದರೆ ಎಲ್ಲರೂ ಒಳಬರಬೇಕು. ಪಾಠ ಒಪ್ಪಿಸಿದಂತೆ ನುಡಿಸುವವರಿಗೆ ಅಲ್ಲಿ ಜಾಗವಿರಲಿಲ್ಲ.

ಅತಿಥಿಗಳೂ ಬಂದರು. ಬೇಸಿ ಬ್ಯಾಂಡಿನ ಕಾಲದ ಹಳೆಯ ಗೆಳೆಯ, ಗಾಯಕ ಜೋ ವಿಲಿಯಮ್ಸ್ 1966ರಲ್ಲೇ ಈ ತಂಡದೊಂದಿಗೆ ರೆಕಾರ್ಡ್ ಮಾಡಿದರು. ಗಾಯಕಿ ರೂತ್ ಬ್ರೌನ್ ಜೊತೆ 1968ರಲ್ಲಿ ಮತ್ತೊಂದು. ಇಪ್ಪತ್ತರ ಆಸುಪಾಸಿನ ಡೀ ಡೀ ಬ್ರಿಜ್‌ವಾಟರ್ ಎಂಬ ಹುಡುಗಿ 1970ರ ದಶಕದ ಆರಂಭದಲ್ಲಿ ಇಲ್ಲಿ ಹಾಡಲು ಬಂದು, ಕಲಿತು, ಮುಂದೆ ದೊಡ್ಡ ಹೆಸರಾದರು. 1972ರಲ್ಲಿ ಇಡೀ ತಂಡ ಸೋವಿಯತ್ ಒಕ್ಕೂಟಕ್ಕೆ ಹೋಗಿಬಂತು. ಮೆಲ್ ಲೂಯಿಸ್‌ಗೆ ಅದು ಎರಡನೆಯ ಸಲ. 1962ರಲ್ಲಿ ಬೆನ್ನಿ ಗುಡ್‌ಮನ್ ಜೊತೆ ಹೋಗಿದ್ದರು. ‘ಲೈವ್ ಇನ್ ಮ್ಯೂನಿಕ್’ ಎಂಬ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು.

ಮಗನೋ ಮಗಳೋ ಸಂಗೀತವೇ ನನ್ನ ದಾರಿ ಎಂದಾಗ ತಂದೆತಾಯಿ ಕೇಳುವ ಪ್ರಶ್ನೆ ಎಲ್ಲ ದೇಶದಲ್ಲೂ ಒಂದೇ: ಇದರಿಂದ ಹೊಟ್ಟೆ ತುಂಬುತ್ತದೆಯೇ? ವ್ಯಾನ್‌ಗಾರ್ಡ್ ಸೋಮವಾರ ಈ ಪ್ರಶ್ನೆಗೆ ಕೊಡುವ ಉತ್ತರ ಖಡಾಖಂಡಿತ. ತುಂಬುವುದಿಲ್ಲ. 123 ಜನರ ಟಿಕೆಟ್ ಹಣವನ್ನು ಹದಿನಾರು ಪಾಲು ಮಾಡಿದರೆ ಎಷ್ಟಾದೀತು, ಗಣಿತದ ಮಕ್ಕಳೇ ಲೆಕ್ಕ ಹಾಕಲಿ. ಆ ವಾದಕರಿಗೆ ಅನ್ನ ಕೊಟ್ಟದ್ದು ಉಳಿದ ಆರು ದಿನಗಳ ಸ್ಟುಡಿಯೋ ಕೆಲಸ, ಪಾಠ ಹೇಳುವ ಕೆಲಸ. ಅದೇ ಆರು ದಿನಗಳ ಕೆಲಸ ಸಿಗುವಷ್ಟು ಕೈ ಹರಿತವಾಗಿ ಉಳಿದದ್ದು ಈ ಏಳನೆಯ ದಿನದಿಂದ ಎಂಬುದೂ ಅಷ್ಟೇ ನಿಜ.

ಬದಲಿ ಬಂದವನ ಪರೀಕ್ಷೆ

ತಂಡದ ಖಾಯಂ ಸದಸ್ಯರಿಗೆ ಬೇರೆ ಊರಿನಲ್ಲಿ ಕಾರ್ಯಕ್ರಮ ಬಂದರೆ ಅವರ ಕುರ್ಚಿಗೆ ಆ ಸೋಮವಾರದ ಮಟ್ಟಿಗೆ ಇನ್ನೊಬ್ಬರು ಬರುತ್ತಾರೆ. ಈ ಬದಲಿ ವಾದಕರ ಪಾಡು ನೋಡಬೇಕು. ಎದುರಿಗೆ ಥ್ಯಾಡ್ ಜೋನ್ಸ್ ಬರೆದ ಕಗ್ಗಂಟಿನ ಸ್ವರಲಿಪಿ. ಪಕ್ಕದಲ್ಲಿ ಅದನ್ನು ನೂರಾರು ಸಲ ನುಡಿಸಿದ ಹಿರಿಯರು. ಜನ ದುಡ್ಡು ಕೊಟ್ಟು ಬಂದು ಕೂತಿದ್ದಾರೆ. ಹಾಡಿನ ನಡುವೆ ಎದ್ದು ಸ್ವಂತ ಕಲ್ಪನೆಯಿಂದ ನುಡಿಸಬೇಕಾದ ಸರದಿಯೂ ಬಂದೀತು. ವೇದಿಕೆ ಎಷ್ಟು ಇಕ್ಕಟ್ಟೆಂದರೆ ತಪ್ಪು ಸ್ವರವನ್ನು ಮರೆಸಲು ಮೂಲೆಯೂ ಇಲ್ಲ. ಚೆನ್ನಾಗಿ ನುಡಿಸಿದರೆ ಯಾರೂ ಬೆನ್ನು ತಟ್ಟಿ ಘೋಷಣೆ ಮಾಡುವುದಿಲ್ಲ. ಇನ್ನೊಂದು ಸೋಮವಾರ ಮತ್ತೆ ಕರೆ ಬರುತ್ತದೆ. ಅದೇ ಫಲಿತಾಂಶ. ಹೀಗೆ ವರ್ಷಗಟ್ಟಲೆ ಬದಲಿಯಾಗಿ ಬಂದು, ಕೊನೆಗೆ ಕುರ್ಚಿ ಖಾಲಿಯಾದಾಗ ಖಾಯಂ ಆದವರಿದ್ದಾರೆ. ಅರ್ಜಿಯಿಲ್ಲ, ಸಂದರ್ಶನವಿಲ್ಲ, ಶಿಫಾರಸು ಪತ್ರವಂತೂ ಇಲ್ಲವೇ ಇಲ್ಲ. ಪಿಯಾನೋ ವಾದಕ ಜಿಮ್ ಮ್ಯಾಕ್‌ನೀಲಿ, ಸ್ಯಾಕ್ಸೋಫೋನ್‌ನ ಡಿಕ್ ಓಟ್ಸ್, ಜೋ ಲೊವಾನೊ ಇವರೆಲ್ಲ ಎಳೆಯ ವಯಸ್ಸಿನಲ್ಲಿ ಈ ತಂಡಕ್ಕೆ ಬಂದು ಬೆಳೆದವರು.

ಎಳೆಯರ ಬಗ್ಗೆ ಮೆಲ್‌ಗೆ ವಿಶೇಷ ಅಕ್ಕರೆ. ಡ್ರಮ್ ಕಲಿಯುವ ಹುಡುಗರು ಮನೆಗೆ ಬಂದರೆ ಹಳೆಯ ರೆಕಾರ್ಡುಗಳನ್ನು ಹಾಕಿ, ಯಾರ ಸಿಂಬಲ್ ಎಂಥದು, ಯಾರು ಎಲ್ಲಿ ಸುಮ್ಮನಿದ್ದರು ಎಂದು ಗಂಟೆಗಟ್ಟಲೆ ಹೇಳುತ್ತಿದ್ದರು.

ಇಂಥ ತಂಡಕ್ಕೆ 1979ರ ಆರಂಭದಲ್ಲಿ ಸಿಡಿಲು ಬಡಿಯಿತು. ಥ್ಯಾಡ್ ಜೋನ್ಸ್ ಹಠಾತ್ತನೆ ತಂಡ ಬಿಟ್ಟು ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಹೊರಟುಹೋದರು. ಸಂಗೀತ ಬರೆಯುವವರು ಅವರು, ಎದುರು ನಿಂತು ನಡೆಸುವವರು ಅವರು. ಉಳಿದದ್ದು ಒಬ್ಬ ಡ್ರಮ್ಮರ್, ಮತ್ತು ಸೋಮವಾರ. ಮೆಲ್ ಬಾಗಿಲು ಮುಚ್ಚಲಿಲ್ಲ. ತಂಡದ ಮೊದಲ ದಿನಗಳಲ್ಲಿ ಟ್ರಾಂಬೋನ್ ನುಡಿಸುತ್ತಿದ್ದ ಬಾಬ್ ಬ್ರೂಕ್‌ಮೇಯರ್ ಅವರನ್ನು ಕರೆತಂದು ಹೊಸ ಸಂಗೀತ ಬರೆಸಿದರು. ಅದು ಥ್ಯಾಡ್ ಸಂಗೀತದಷ್ಟು ನಗುಮುಖದ್ದಲ್ಲ, ಕೆಲವು ಕಡೆ ಕಬ್ಬಿಣದ ಕಡಲೆ. 1980ರ ಫೆಬ್ರುವರಿಯಲ್ಲಿ ಅದೇ ನೆಲಮಾಳಿಗೆಯಲ್ಲಿ ಅದರ ಧ್ವನಿಮುದ್ರಣವಾಯಿತು. ತಂಡ ಬದುಕಿತು.

1986ರಲ್ಲಿ ಥ್ಯಾಡ್ ಕೋಪನ್‌ಹೇಗನ್‌ನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮೆಲ್‌ಗೂ ಕ್ಯಾನ್ಸರ್ ತಗುಲಿತ್ತು. ಚಿಕಿತ್ಸೆಯ ನಡುವೆಯೂ ಕೋಲು ಕೆಳಗಿಡದ ಅವರು 1988ರ ಫೆಬ್ರುವರಿಯಲ್ಲಿ ವ್ಯಾನ್‌ಗಾರ್ಡ್‌ನಲ್ಲಿ ಕೂತು ಒಂದು ಕೆಲಸ ಮಾಡಿ ಮುಗಿಸಿದರು. ತಮ್ಮನ್ನು ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಗೆಳೆಯನ ಸಂಗೀತವನ್ನು ಆರಿಸಿ, ‘ದಿ ಡೆಫಿನಿಟಿವ್ ಥ್ಯಾಡ್ ಜೋನ್ಸ್’ ಎಂಬ ಹೆಸರಿನಲ್ಲಿ ಎರಡು ಸಂಪುಟಗಳಾಗಿ ಧ್ವನಿಮುದ್ರಿಸಿಟ್ಟರು. 1990ರ ಫೆಬ್ರುವರಿ 2ರಂದು, ಅರವತ್ತರ ವಯಸ್ಸಿನಲ್ಲಿ, ಮೆಲ್ ಕಣ್ಣುಮುಚ್ಚಿದರು.

ಯಜಮಾನರಿಬ್ಬರೂ ಇಲ್ಲದ ತಂಡ ಚದುರಿಹೋಗುವುದು ಲೋಕರೂಢಿ. ಇವರು ಚದುರಲಿಲ್ಲ. ಯಾರ ಹೆಸರನ್ನೂ ಹಚ್ಚಿಕೊಳ್ಳದೆ ‘ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ’ ಎಂದು ಕರೆದುಕೊಂಡು, ಲಾಭದ ಆಸೆಯಿಲ್ಲದ ಸಂಸ್ಥೆಯಾಗಿ ತಾವೇ ನಡೆಸತೊಡಗಿದರು. ಮೆಲ್ ಕೂರುತ್ತಿದ್ದ ಪೀಠಕ್ಕೆ ಮೊದಲು ಡೆನಿಸ್ ಮ್ಯಾಕ್‌ರೆಲ್, ಆಮೇಲೆ ಜಾನ್ ರೈಲಿ ಬಂದರು. ರೈಲಿ ಬರೆದ ‘ದಿ ಆರ್ಟ್ ಆಫ್ ಬಾಪ್ ಡ್ರಮ್ಮಿಂಗ್’ ಎಂಬ 1994ರ ಪುಸ್ತಕ ಡ್ರಮ್ ಕಲಿಯುವವರ ಕೈಪಿಡಿ. 2009ರಲ್ಲಿ ಸೋಮವಾರದ ಧ್ವನಿಮುದ್ರಣವೊಂದಕ್ಕೇ ಮತ್ತೆ ಗ್ರ್ಯಾಮಿ ಬಂತು. ಮಾಲೀಕ ಮ್ಯಾಕ್ಸ್ ಗಾರ್ಡನ್ 1989ರಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ ಲೊರೇನ್ 2018ರವರೆಗೆ ಇದ್ದರು. ಆಮೇಲೆ ಮಗಳು ಡೆಬೊರಾ ಹೊಣೆ ಹೊತ್ತರು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಮೆಟ್ಟಿಲ ಬಾಗಿಲಿಗೆ ಬೀಗ ಬಿದ್ದಾಗ, ಈ ಸಲ ಮುಗಿಯಿತೆಂದೇ ಹಲವರು ಭಾವಿಸಿದ್ದರು. 2021ರ ಸೆಪ್ಟೆಂಬರಿನಲ್ಲಿ ಬೀಗ ತೆಗೆಯಿತು. ಸೋಮವಾರವೂ ಮರಳಿತು.

ಮಕ್ಕಳು ನ್ಯೂಜೆರ್ಸಿಯಲ್ಲೋ ನ್ಯೂಯಾರ್ಕಿನಲ್ಲೋ ನೆಲೆಸಿರುವ ಕನ್ನಡದ ತಂದೆತಾಯಿಯರು ಅಲ್ಲಿಗೆ ಹೋದಾಗ ಸ್ವಾತಂತ್ರ್ಯದೇವಿಯ ಪ್ರತಿಮೆ, ನಯಾಗರ ಜಲಪಾತ ನೋಡಿ ಬರುವುದು ವಾಡಿಕೆ. ಒಂದು ಸೋಮವಾರ ಸಂಜೆಯನ್ನು ಈ ನೆಲಮಾಳಿಗೆಗೂ ಮೀಸಲಿಡಬಹುದು. ರಾತ್ರಿ ಎರಡು ಪಾಳಿಯ ಕಛೇರಿ. ಟಿಕೆಟ್ ಮೊದಲೇ ತೆಗೆಯುವುದು ಕ್ಷೇಮ. ಪಾನೀಯ ಮಾರುವ ಜಾಗವಾದ್ದರಿಂದ ಚಿಕ್ಕವರನ್ನು ಕರೆದೊಯ್ಯುವವರು ಅಲ್ಲಿನ ನಿಯಮ ಕೇಳಿಕೊಳ್ಳಬೇಕು. ಒಳಗೆ ಹೋದ ಮೇಲೆ ಮಾತಾಡುವಂತಿಲ್ಲ. ಡ್ರಮ್ ಕಲಿಯುವ ಹುಡುಗ ಹುಡುಗಿಯರಾದರೆ ಡ್ರಮ್ಮಿನ ಬದಿಯ ಕುರ್ಚಿ ಹಿಡಿಯುವುದು ಒಳ್ಳೆಯದು. ಬಲಗೈ ಸಿಂಬಲ್ ಮೇಲೆ ಹೇಗೆ ಬೀಳುತ್ತದೆಂಬುದು ಅಲ್ಲಿಂದ ಕಾಣುತ್ತದೆ. ಹಾಗೇ ಟ್ರಂಪೆಟ್ ಸಾಲಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದು. ಎಲ್ಲರಿಗಿಂತ ಎಳೆಯ ಮುಖ, ಸ್ವರಲಿಪಿಯ ಹಾಳೆ ಬಿಟ್ಟು ಕಣ್ಣೆತ್ತದವರು ಯಾರಾದರೂ ಕಂಡರೆ, ಅವರು ಆ ರಾತ್ರಿಯ ಬದಲಿ ಇರಬಹುದು.