ಒಂದು ದೀಪವೋ, ಎರಡೋ?

ವ್ಯಾಕರಣ ಓದಿದವರಿಗೆ ಏಕವಚನ, ಬಹುವಚನಗಳ ಚರ್ಚೆ ಹೊಸದಲ್ಲ. ಆದರೆ ಆ ಚರ್ಚೆಯು ಮೋಟಾರು ಕಾರಿನ ಹಿಂಭಾಗದಲ್ಲಿ ಹುಟ್ಟಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದು, ಕಡೆಗೆ ಒಂದು ರಾಜ್ಯದ ಶಾಸನವನ್ನೇ ತಿದ್ದಿಸಿತೆಂದರೆ ಅದನ್ನು ಓದುಗರ ಮುಂದಿಡಬೇಕೆಂದು ನಮಗೆ ಅನಿಸಿತು.

2009ರ ಏಪ್ರಿಲ್ ತಿಂಗಳ ಒಂದು ಮುಂಜಾನೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಹೆದ್ದಾರಿಯಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಒಂದು ಕಾರನ್ನು ಹಿಂಬಾಲಿಸಿದರು. ಚಾಲಕನು ಬ್ರೇಕ್ ತುಳಿದಾಗ ಹಿಂದಿನ ಎಡಗಡೆಯ ಕೆಂಪು ದೀಪ ಮಾತ್ರ ಹೊತ್ತಿತು, ಬಲಗಡೆಯದು ಹೊತ್ತಲಿಲ್ಲ. ಅದೇ ಕಾರಣದಿಂದ ಅವರು ಕಾರನ್ನು ನಿಲ್ಲಿಸಿದರು. ಮಾತಿನ ನಡುವೆ ಸಂಶಯ ಬಂದು, ಮಾಲೀಕನ ಒಪ್ಪಿಗೆ ಪಡೆದು ಶೋಧಿಸಿದಾಗ ಕೊಕೇನ್ ಎಂಬ ಮಾದಕ ವಸ್ತು ದೊರೆಯಿತು.

ಅಪರಾಧವೇನೋ ಸಿಕ್ಕಿತು. ಆದರೆ ಕಾರನ್ನು ನಿಲ್ಲಿಸಲು ಕಾನೂನಿನ ಆಧಾರವಿತ್ತೇ? ಆ ರಾಜ್ಯದ ಹಳೆಯ ಕಾಯಿದೆಯನ್ನು ತೆರೆದು ನೋಡಿದರೆ, ವಾಹನದ ಹಿಂದೆ ನಿಲುಗಡೆ ದೀಪವಿರಬೇಕೆಂದು ಏಕವಚನದಲ್ಲಿ ಹೇಳಲಾಗಿತ್ತು. ನಮ್ಮ ಕನ್ನಡದಲ್ಲಾದರೆ ಈ ತೊಡಕು ಅಷ್ಟಾಗಿ ಬಾರದು. ಎರಡಿದ್ದರೂ 'ಎರಡು ದೀಪ' ಎಂದರೆ ಸಾಕು, 'ದೀಪಗಳು' ಎನ್ನಲೇಬೇಕೆಂಬ ಕಟ್ಟಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. 2011ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯವು ಆ ಏಕವಚನವನ್ನೇ ಹಿಡಿದು, ಒಂದು ದೀಪ ಹೊತ್ತಿದರೆ ಕಾಯಿದೆ ಪಾಲಿಸಿದಂತಾಯಿತು, ಕಾರನ್ನು ತಡೆದದ್ದೇ ತಪ್ಪು ಎಂದಿತು. ವಿಚಿತ್ರವೆಂದರೆ ಅದೇ ಕಾಯಿದೆಯ ಇನ್ನೊಂದು ಉಪವಿಧಿಯು, ವಾಹನದ ಮೂಲದಲ್ಲಿದ್ದ ಹಿಂಬದಿಯ ಎಲ್ಲ ದೀಪಗಳೂ ಸುಸ್ಥಿತಿಯಲ್ಲಿರಬೇಕೆಂದು ಬಹುವಚನದಲ್ಲಿ ಹೇಳುತ್ತಿತ್ತು!

2014ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಅಧಿಕಾರಿಯ ಪರವಾಗಿ ತೀರ್ಪಿತ್ತರು. ಅಧಿಕಾರಿ ಕಾಯಿದೆಯನ್ನು ತಪ್ಪಾಗಿ ತಿಳಿದಿರಬಹುದು, ಆದರೆ ಆ ತಪ್ಪು ಸಹಜವಾದದ್ದು ಎಂಬುದು ಅವರ ಅಭಿಪ್ರಾಯ. ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಒಬ್ಬರೇ ಭಿನ್ನಮತ ಬರೆದರು. ನಮ್ಮ ಮನಸ್ಸು ಅವರ ಕಡೆಗೇ ವಾಲುತ್ತದೆ. ಕಾಯಿದೆ ಗೊತ್ತಿರಲಿಲ್ಲವೆಂದ ಪ್ರಜೆಗೆ ಸಿಗದ ಕ್ಷಮೆ, ಅದನ್ನು ಜಾರಿಗೊಳಿಸುವ ಅಧಿಕಾರಿಗೆ ಸಿಗುವುದು ನಮಗೆ ಸರಿಕಾಣದು.

ನ್ಯಾಯಾಲಯಗಳು ಚರ್ಚಿಸಿದ್ದು ಪೊಲೀಸರ ಅಧಿಕಾರವನ್ನು; ದೀಪದ ಮಾತು ಶಾಸಕರಿಗೆ ಉಳಿಯಿತು. ಅವರು ಮಸೂದೆ ತಂದರು. ವಾಹನದ ಹಿಂಭಾಗದ ಎರಡೂ ಪಕ್ಕಗಳಲ್ಲಿ ನಿಲುಗಡೆ ದೀಪವಿರಬೇಕೆಂಬ ತಿದ್ದುಪಡಿ 2015ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು.

ಎರಡೇ ಏಕೆ? ಕತ್ತಲಲ್ಲಿ ಒಂದೇ ಕೆಂಪು ಚುಕ್ಕೆ ಕಂಡರೆ ಹಿಂದಿನವನು ಮುಂದಿರುವುದು ಮೋಟಾರು ಸೈಕಲ್ಲೆಂದು ತಿಳಿಯುತ್ತಾನೆ. ಎರಡು ಕಂಡಾಗಲೇ ವಾಹನದ ಅಗಲವೂ ದೂರವೂ ಅಂದಾಜಿಗೆ ಬರುವುದು. ಅಮೆರಿಕದಲ್ಲಿ ಎರಡಕ್ಕೂ ತೃಪ್ತರಾಗಲಿಲ್ಲ. ಜಾನ್ ವೊವೊಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೊ ನಗರದ ಟ್ಯಾಕ್ಸಿಗಳಿಗೆ ಒಂದು ಹೆಚ್ಚಿನ ದೀಪ ಹಚ್ಚಿಸಿ, ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಬಹಳ ಕಡಿಮೆಯಾದುದನ್ನು 1974ರಲ್ಲಿ ಪ್ರಕಟಿಸಿದರು. 1986ರ ಮಾದರಿಯಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ನಡುವೆ, ಎತ್ತರದಲ್ಲಿ ಮೂರನೆಯ ದೀಪ ಕಡ್ಡಾಯವಾಯಿತು. ಜನರ ಕಣ್ಣಿಗೆ ಅದು ರೂಢಿಯಾದ ಮೇಲೆ ಮೊದಲಿನ ಪರಿಣಾಮ ಇಳಿಯಿತು. ಆದರೂ ಅಂಥ ಅಪಘಾತಗಳು ನೂರಕ್ಕೆ 4.3ರಷ್ಟು ಕಡಿಮೆಯಾಗಿವೆಯೆಂದು 1998ರ ಸರ್ಕಾರಿ ವರದಿ ಲೆಕ್ಕಹಾಕಿತು. ಒಂದು ದೀಪದ ವೆಚ್ಚಕ್ಕೆ ಇದು ಸಣ್ಣ ಫಲವೇನೂ ಅಲ್ಲ.

ದೂರದೇಶದ ಈ ವೃತ್ತಾಂತವನ್ನು ನಾವು ಹೇಳಲು ಕಾರಣವಿದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ ಸೀಮೆಯ ರಸ್ತೆಗಳಲ್ಲಿ ರಾತ್ರಿ ಸಂಚರಿಸಿದವರು ಬಲ್ಲರು: ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಹಿಂದೆ ಜೋತುಬಿದ್ದ ಕಬ್ಬಿನ ಸೋಗೆ. ದೀಪವಿದ್ದರೂ ಆ ಸೋಗೆಯ ಮರೆಯಲ್ಲಿ. ಎಷ್ಟೋ ಟ್ರೇಲರುಗಳಿಗೆ ದೀಪವೇ ಇಲ್ಲ. ನಿಲುಗಡೆಯ ದೀಪ ಕೆಂಪಾಗಿರಬೇಕು, ಹಿಂದೆ ಇರಬೇಕು ಎಂದು ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು 1989ರಿಂದ ಹೇಳುತ್ತಲೇ ಇವೆ. ನಮ್ಮ ಮಠಕ್ಕೆ ನಡೆದುಕೊಳ್ಳುವ ಮನೆತನವೊಂದರ ಕಿರಿಯ ಮಗ ಅಂಥ ಟ್ರೇಲರಿಗೆ ಬೈಕು ಗುದ್ದಿ ತೀರಿಕೊಂಡ. ಟ್ರೇಲರು ಪರವೂರಿನದಲ್ಲ, ಅವರ ಹೊಲಕ್ಕೆ ಹೊಂದಿದ ಹೊಲದವರದೇ. ತಾಯಿಯನ್ನು ಸಂತೈಸಲು ಹೋದ ನಮಗೆ ಮಾತು ಬರಲಿಲ್ಲ. ಆ ಟ್ರೇಲರಿನ ಯಜಮಾನನೂ ಅದೇ ಜಗುಲಿಯ ಮೂಲೆಯಲ್ಲಿ ತಲೆತಗ್ಗಿಸಿ ಕುಳಿತಿದ್ದ.

ಈ ದೀಪ ಓಡಿಸುವವನ ಕಣ್ಣಿಗೆ ಬೀಳುವುದೇ ಇಲ್ಲ. ಹಲವು ವಾಹನಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿಗಳು, ಒಂದು ಸದಾ ಉರಿಯುವ ಹಿಂದೀಪಕ್ಕೆ, ಇನ್ನೊಂದು ಬ್ರೇಕಿಗೆ. ಎರಡನೆಯದು ಸುಟ್ಟುಹೋದರೂ ಮೊದಲನೆಯದು ಉರಿಯುತ್ತಿರುವುದರಿಂದ ಎಲ್ಲ ಸರಿಯಿದೆಯೆಂದೇ ತೋರುತ್ತದೆ. ಸಂಜೆ ಕತ್ತಲಾದ ಮೇಲೆ ವಾಹನವನ್ನು ಮನೆಯ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ತುಳಿದರೆ ಗೋಡೆಯ ಮೇಲೆ ಕೆಂಪು ಎರಡು ಕಡೆ ಬೀಳಬೇಕು. ಟ್ರ್ಯಾಕ್ಟರ್ ಮೇಲೆ ಕುಳಿತವರಿಗೆ ಅದು ಕಾಣದು. ಮನೆಯ ಮಕ್ಕಳಲ್ಲಿ ಒಬ್ಬರು ಪಕ್ಕಕ್ಕೆ ಸರಿದು ನಿಂತು ನೋಡಿ ಹೇಳಲಿ.